ಮೂಲೆ ಸೇರಿದ ಪ್ರಿಂಟರಿಗೆ ಮತ್ತೆ ಮಾತು

ವಿಂಡೋಸ್ 10ರ ಕಾಲ ಮುಗಿಯಿತು. ಮನೆಗೆ ಹೊಸ ಕಂಪ್ಯೂಟರ್ ಬಂತು, ಹಳೆಯ ಪ್ರಿಂಟರ್ ಬಾಯಿ ಮುಚ್ಚಿತು. ಗುಜರಿಗೆ ಎತ್ತಿಹಾಕುವ ಮೊದಲು ಒಂದು ಸಂಜೆ ಅದಕ್ಕೆ ಕೊಡಿ. ಯಂತ್ರ ಸರಿಯಾಗಿಯೇ ಇರಬಹುದು, ಡ್ರೈವರ್ ಕೈಕೊಟ್ಟಿರಬಹುದು.

ಬೆಳಿಗ್ಗೆ ಒಂಬತ್ತೂವರೆ. ಶಾಲೆ ಶುರುವಾಗಿರುವ ಜೂನ್ ತಿಂಗಳು. ಚಿಂತಾಮಣಿಯ ತಾಲ್ಲೂಕು ಕಚೇರಿ ಆಸುಪಾಸಿನ ಜೆರಾಕ್ಸ್ ಅಂಗಡಿಯ ಶಟರ್ ಇನ್ನೂ ಅರ್ಧಕ್ಕೆ ಎದ್ದಿದೆ, ಆಗಲೇ ಜನ ಕಾದಿದ್ದಾರೆ. ಒಬ್ಬರ ಕೈಯಲ್ಲಿ ಪಹಣಿ, ಇನ್ನೊಬ್ಬರ ಕೈಯಲ್ಲಿ ಮಗಳ ಟಿ.ಸಿ., ಮತ್ತೊಬ್ಬರ ಮೊಬೈಲಿನಲ್ಲಿ ಜಾತಿ-ಆದಾಯ ಪ್ರಮಾಣಪತ್ರದ ಪಿಡಿಎಫ್.

“ಅಣ್ಣಾ, ಇದೊಂದು ಪ್ರಿಂಟ್ ತೆಕ್ಕೊಡು, ಬಸ್ಸು ಹೊಲ್ಟೋಗತ್ತೆ.”

ಹುಡುಗ ಕಂಪ್ಯೂಟರ್ ಎಬ್ಬಿಸುತ್ತಾನೆ. ಪ್ರಿಂಟರಿನ ಹಸಿರು ದೀಪ ಹೊತ್ತುತ್ತದೆ. ಪ್ರಿಂಟ್ ಒತ್ತಿದರೆ ಪರದೆಯ ಮೂಲೆಯಲ್ಲಿ ಒಂದೇ ಸಾಲು: ‘ಪ್ರಿಂಟರ್ ಆಫ್‌ಲೈನ್’.

ಹುಡುಗ ಗಾಬರಿಯಾಗುವುದಿಲ್ಲ. ಹಿಂದಿನ ಯುಎಸ್‌ಬಿ ಕೇಬಲ್ ಕೀಳುತ್ತಾನೆ, ಒಂದು ಕ್ಷಣ ಬಿಟ್ಟು ಅದೇ ಜಾಗಕ್ಕೆ ಸಿಕ್ಕಿಸುತ್ತಾನೆ. ಯಂತ್ರದೊಳಗೆ ಗುರ್ರೆಂಬ ಸದ್ದು, ಬಿಸಿ ಹಾಳೆ ಹೊರಕ್ಕೆ.

ಅಂಗಡಿಯ ಹುಡುಗನ ಕೈಗೆ ಹತ್ತಿರುವ ಈ ವಿದ್ಯೆ ಮನೆಗಳಿಗೆ ಇನ್ನೂ ಹತ್ತಿಲ್ಲ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಆನ್‌ಲೈನ್ ಪಾಠಕ್ಕೆಂದು ಪ್ರಿಂಟರ್ ತಂದ ಮನೆಗಳು ಶಿಡ್ಲಘಟ್ಟ, ಗೌರಿಬಿದನೂರಿನಂಥ ಊರುಗಳಲ್ಲೂ ಇವೆ. ರೇಷ್ಮೆಗೂಡಿನ ಲೆಕ್ಕ ಬರೆಯುವ ರೀಲರ್ ಮನೆ, ಟ್ಯೂಷನ್ ಹೇಳುವ ಮೇಡಂ ಮನೆ, ಸಿಇಟಿಗೆ ಓದುವ ಮಕ್ಕಳಿರುವ ಮನೆ. ಅಂಥ ಎಷ್ಟೋ ಮನೆಗಳಲ್ಲಿ ಆ ಯಂತ್ರ ಈಗ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿದೆ. “ಅದು ಕೆಟ್ಟೋಗಿದೆ” ಎಂದು ಮನೆಯವರು ಒಪ್ಪಿಕೊಂಡುಬಿಟ್ಟಿದ್ದಾರೆ. ಹಾಗೆ ಒಪ್ಪಿಕೊಳ್ಳುವುದು ಬೇಡ ಎಂದು ಹೇಳಲಿಕ್ಕೇ ಈ ಬರಹ.

ಅಕ್ಟೋಬರ್ 14ರ ಪೆಟ್ಟು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿತು. ಅದಾದ ಮೇಲೆ ಮನೆಗಳು ವಿಂಡೋಸ್ 11ರ ಕಡೆಗೆ ಹೊರಳಿದವು. ಕೆಲವರು ಹೊಸ ಲ್ಯಾಪ್‌ಟಾಪ್ ಕೊಂಡರು, ಕೆಲವರು ಇದ್ದುದನ್ನೇ ಮೇಲ್ದರ್ಜೆಗೆ ಏರಿಸಿಕೊಂಡರು.

ತೊಂದರೆ ಶುರುವಾಗುವುದು ಅಲ್ಲಿಂದ. ವಿಂಡೋಸ್ 11 ಬರುವುದು 64 ಬಿಟ್ ರೂಪದಲ್ಲಿ ಮಾತ್ರ. ವಿಂಡೋಸ್ 7ರ ಕಾಲದಲ್ಲಿ 32 ಬಿಟ್ ಕಂಪ್ಯೂಟರಿಗೆಂದು ಪ್ರಿಂಟರ್ ಜೊತೆ ಕೊಟ್ಟಿದ್ದ ಸಿ.ಡಿ.ಯ ಡ್ರೈವರ್ ಅದರಲ್ಲಿ ಕೂರುವುದಿಲ್ಲ. ಈಗಿನ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಬಾಯಿಯೂ ಇಲ್ಲ. ಇತ್ತೀಚೆಗೆ ಬರುತ್ತಿರುವ ಸ್ನಾಪ್‌ಡ್ರಾಗನ್ ಚಿಪ್ಪಿನ ಲ್ಯಾಪ್‌ಟಾಪ್ ಆದರೆ ಅದಕ್ಕೆ ಬೇರೆಯದೇ ಡ್ರೈವರ್ ಬೇಕು. ಹಳೆಯ ಪ್ರಿಂಟರುಗಳಿಗೆ ಅದನ್ನು ಬರೆದುಕೊಟ್ಟ ಕಂಪನಿಗಳು ಕಡಿಮೆ.

ನಡುವಿನ ದುಭಾಷಿ

ಚಿಂತಾಮಣಿ, ಶಿಡ್ಲಘಟ್ಟಗಳಿರುವ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ದುಭಾಷಿಯ ಕೆಲಸ ವಿವರಿಸಬೇಕಿಲ್ಲ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಡ್ರೈವರ್ ಮಾಡುವುದೂ ಅದನ್ನೇ. ನೀವು ಬರೆದ ಪುಟವನ್ನು ಕಂಪ್ಯೂಟರ್ ತನ್ನ ಭಾಷೆಯಲ್ಲಿ ಹೇಳುತ್ತದೆ, ಡ್ರೈವರ್ ಅದನ್ನು ಪ್ರಿಂಟರಿಗೆ ತಿಳಿಯುವಂತೆ ದಾಟಿಸುತ್ತದೆ.

ದುಬಾರಿ ಪ್ರಿಂಟರುಗಳಿಗೆ ಸ್ವಂತ ತಲೆ ಇರುತ್ತದೆ. ಎಚ್‌ಪಿ 1984ರಲ್ಲಿ ತಂದ ಮೊದಲ ಲೇಸರ್‌ಜೆಟ್ ಪಿಸಿಎಲ್ ಎಂಬ ಭಾಷೆಯನ್ನು ಅರ್ಥಮಾಡಿಕೊಳ್ಳುತ್ತಿತ್ತು. ಮರುವರ್ಷ ಬಂದ ಆಪಲ್ ಲೇಸರ್‌ರೈಟರ್ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಬಲ್ಲದ್ದಾಗಿತ್ತು. ‘ಇಲ್ಲಿ ಒಂದು ಗೆರೆ ಎಳೆ, ಅಲ್ಲಿ ಈ ಅಕ್ಷರ ಇಡು’ ಎಂದರೆ ಸಾಕು, ಉಳಿದದ್ದನ್ನು ಪ್ರಿಂಟರೇ ಮಾಡಿಕೊಳ್ಳುತ್ತದೆ.

ನಮ್ಮ ಮನೆ-ಅಂಗಡಿಗಳಿಗೆ ಬಂದವು ಬೇರೆ ಜಾತಿಯವು. ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020: ಜೆರಾಕ್ಸ್ ಅಂಗಡಿಗೆ ಕಾಲಿಟ್ಟವರೆಲ್ಲ ನೋಡಿರುವ ಮಾಡೆಲುಗಳಿವು. ಗಟ್ಟಿಮುಟ್ಟು, ಟೋನರ್ ಅಗ್ಗ, ರಿಪೇರಿ ಸುಲಭ. ಬೆಲೆ ಇಳಿಸಲು ಕಂಪನಿಗಳು ಒಂದು ಉಪಾಯ ಮಾಡಿದವು. ಪ್ರಿಂಟರೊಳಗಿನ ಲೆಕ್ಕದ ಕೆಲಸವನ್ನೆಲ್ಲ ಕಂಪ್ಯೂಟರಿನ ಹೆಗಲಿಗೆ ದಾಟಿಸಿದವು.

ಈ ಎರಡೂ ಯಂತ್ರಗಳ ನೆನಪಿನ ಶಕ್ತಿ 2 ಎಂಬಿ ಮಾತ್ರ. ಒಂದು ಎ4 ಹಾಳೆಯನ್ನು ಇಂಚಿಗೆ 600 ಚುಕ್ಕಿಯಂತೆ ಬಿಡಿಸಿದರೆ ಸುಮಾರು 3.5 ಕೋಟಿ ಚುಕ್ಕಿ. ಬರೀ ಕಪ್ಪು-ಬಿಳುಪಾದರೂ 4 ಎಂಬಿಗಿಂತ ಹೆಚ್ಚು ಜಾಗ ಬೇಕು. ಒಂದು ಪುಟ ಇಡಿಯಾಗಿ ಪ್ರಿಂಟರಿನ ತಲೆಯಲ್ಲಿ ಹಿಡಿಯುವುದೇ ಇಲ್ಲ. ಆದ್ದರಿಂದ ಕಂಪ್ಯೂಟರಿನಲ್ಲಿ ಕೂತ ಡ್ರೈವರ್ ಪುಟವನ್ನು ಚುಕ್ಕಿಗಳಾಗಿ ಒಡೆದು, ಕುಗ್ಗಿಸಿ, ಹದವರಿತು ಕಳಿಸಬೇಕು. ಇಂಥ ಪ್ರಿಂಟರಿಗೆ ಡ್ರೈವರ್ ಇಲ್ಲವೆಂದರೆ ಒಂದಕ್ಷರವೂ ಹೊರಡುವುದಿಲ್ಲ.

ಲೇಸರ್‌ಜೆಟ್ 1020ರ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ತನ್ನನ್ನು ನಡೆಸುವ ಫರ್ಮ್‌ವೇರನ್ನು ಅದು ಒಳಗೆ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರಿನಿಂದ ಅದನ್ನು ತುಂಬಿಸಿಕೊಳ್ಳಬೇಕು. ಕರೆಂಟ್ ಹೋಗಿ ಬಂದರೆ ದೀಪವೇನೋ ಉರಿಯುತ್ತದೆ, ಫರ್ಮ್‌ವೇರ್ ಖಾಲಿ. ಚಿಂತಾಮಣಿಯ ಹುಡುಗ ಕೇಬಲ್ ಕಿತ್ತು ಸಿಕ್ಕಿಸಿದ್ದು ಇದಕ್ಕೇ. ಹಾಗೆ ಮಾಡಿದಾಗ ಡ್ರೈವರ್ ಪ್ರಿಂಟರನ್ನು ಹೊಸದಾಗಿ ಗುರುತಿಸಿ ಫರ್ಮ್‌ವೇರನ್ನು ಮತ್ತೆ ಕಳಿಸುತ್ತದೆ. ಕಂಪ್ಯೂಟರ್ ಪೂರ್ತಿ ಎದ್ದಮೇಲೆ ಪ್ರಿಂಟರಿನ ಸ್ವಿಚ್ ಹಾಕುವ ಅಭ್ಯಾಸ ಇಟ್ಟುಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

> ಕರೆಂಟ್ ಮತ್ತು ಲೇಸರ್
> ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಚಿಕ್ಕ ಯುಪಿಎಸ್‌ಗೆ ಸಿಕ್ಕಿಸಬೇಡಿ. ಟೋನರನ್ನು ಹಾಳೆಗೆ ಕರಗಿಸಿ ಅಂಟಿಸುವ ಒಳಗಿನ ಹೀಟರ್ ಹೊತ್ತಿಕೊಂಡಾಗ ಒಮ್ಮೆಗೇ ನೂರಾರು ವ್ಯಾಟ್ ಎಳೆಯುತ್ತದೆ. ಯುಪಿಎಸ್ ಕೈಚೆಲ್ಲುತ್ತದೆ, ಕಂಪ್ಯೂಟರೂ ಆರುತ್ತದೆ. ಲೇಸರ್ ನೇರ ಗೋಡೆಯ ಸಾಕೆಟ್ಟಿಗೆ ಇರಲಿ. ಇಂಕ್‌ಟ್ಯಾಂಕ್ ಪ್ರಿಂಟರ್ ಎಳೆಯುವ ಕರೆಂಟ್ ತೀರ ಕಡಿಮೆ, ಅದಕ್ಕೆ ಈ ಭಯವಿಲ್ಲ.

ಸಿಕ್ಕಿಕೊಂಡ ಸರದಿ

ಶಿಡ್ಲಘಟ್ಟದ ಕಡೆ ಸಂಜೆ ಕರೆಂಟ್ ಹೋಗುವುದು ಹೊಸದಲ್ಲ. ಅರ್ಧ ಪುಟ ಪ್ರಿಂಟಾಗುವಾಗ ಹೋಯಿತೆನ್ನಿ. ಮತ್ತೆ ಬಂದಾಗ ಹೊಸದಾಗಿ ಏನು ಕಳಿಸಿದರೂ ಬರುವುದಿಲ್ಲ. ಸರದಿಯ ಪಟ್ಟಿಯಲ್ಲಿ ಹಳೆಯ ಕಡತ ಕೂತಿರುತ್ತದೆ. ಅಳಿಸಿದರೆ ‘ಡಿಲೀಟಿಂಗ್’ ಎನ್ನುತ್ತಲೇ ಇರುತ್ತದೆ, ಅಳಿಯುವುದಿಲ್ಲ. ಇಲ್ಲಿ ಪ್ರಿಂಟರಿನ ತಪ್ಪೂ ಇಲ್ಲ, ಡ್ರೈವರಿನ ತಪ್ಪೂ ಇಲ್ಲ. ಕಳಿಸಬೇಕಾದ ಪುಟಗಳನ್ನು ಸಾಲಾಗಿ ಕೂರಿಸುವ ‘ಪ್ರಿಂಟ್ ಸ್ಪೂಲರ್’ ಎಂಬ ವ್ಯವಸ್ಥೆ ಅರ್ಧಂಬರ್ಧ ಕಡತಕ್ಕೆ ಸಿಕ್ಕಿಬಿದ್ದಿದೆ.

ಬಿಡಿಸುವುದು ಹೀಗೆ. ಸ್ಟಾರ್ಟ್ ಒತ್ತಿ ‘ಸರ್ವಿಸಸ್’ ಎಂದು ಹುಡುಕಿ ತೆರೆಯಿರಿ. ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಇರುತ್ತದೆ, ಅದನ್ನು ‘ಸ್ಟಾಪ್’ ಮಾಡಿ. ಆಮೇಲೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿಗೆ ಹೋಗಿ. ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಈ ಕೊನೆಯ ಫೋಲ್ಡರಿನ ಒಳಗಿರುವ ಕಡತಗಳನ್ನಷ್ಟೇ ಅಳಿಸಿ. ಫೋಲ್ಡರನ್ನು ಅಳಿಸಬೇಡಿ, ಸಿಸ್ಟಮ್32ರಲ್ಲಿ ಬೇರೆ ಏನನ್ನೂ ಮುಟ್ಟಬೇಡಿ. ವಾಪಸ್ ಬಂದು ಸ್ಪೂಲರನ್ನು ‘ಸ್ಟಾರ್ಟ್’ ಮಾಡಿ. ಸರದಿ ಚೊಕ್ಕಟವಾಗಿರುತ್ತದೆ.

ಇನ್ನೊಂದು ಸಾಮಾನ್ಯ ಗೊಂದಲ ಕೇಬಲಿನದು. ಮನೆ ಗುಡಿಸುವಾಗ ಕೇಬಲ್ ಕಿತ್ತವರು ಮರಳಿ ಬೇರೆ ತೂತಿಗೆ ಸಿಕ್ಕಿಸುತ್ತಾರೆ. ವಿಂಡೋಸ್ ಅದನ್ನು ಹೊಸ ಪ್ರಿಂಟರೆಂದು ತಿಳಿದು ‘ಕಾಪಿ 1’ ಎಂಬ ಬಾಲ ಸೇರಿಸಿ ಎರಡನೆಯ ಹೆಸರು ಹುಟ್ಟಿಸುತ್ತದೆ. ನೀವು ಕಳಿಸುವುದು ಹಳೆಯ ಹೆಸರಿಗೆ, ಕೇಬಲ್ ಇರುವುದು ಹೊಸ ಹೆಸರಿಗೆ. ‘ಆಫ್‌ಲೈನ್’ ಎಂದು ಬರದೆ ಇನ್ನೇನಾದೀತು? ಪ್ರಿಂಟರ್ ಪಟ್ಟಿ ತೆರೆದು, ಮಂಕಾಗಿ ಕಾಣುವ ಹೆಸರನ್ನು ತೆಗೆದುಹಾಕಿ, ಉಳಿದದ್ದನ್ನು ‘ಡೀಫಾಲ್ಟ್’ ಮಾಡಿ. ಅದೇ ಪುಟದಲ್ಲಿ ‘ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ನೋಡಿಕೊಳ್ಳಲಿ’ ಎಂಬರ್ಥದ ಆಯ್ಕೆಯಿದೆ. ಅದನ್ನು ಆಫ್ ಮಾಡಿಡಿ. ಇಲ್ಲದಿದ್ದರೆ ಕಡೆಯ ಸಲ ಪಿಡಿಎಫ್ ಉಳಿಸಿದ್ದೇ ನೆಪವಾಗಿ, ಮುಂದಿನ ಸಲ ನಿಮ್ಮ ಪುಟ ಕಾಗದಕ್ಕೆ ಬದಲು ಕಡತವಾಗಲು ಹೊರಡುತ್ತದೆ.

ವೈಫೈ ಪ್ರಿಂಟರಾದರೆ ಕಾರಣ ರೂಟರಿನಲ್ಲಿರಬಹುದು. ಕರೆಂಟ್ ಹೋಗಿ ಬಂದಾಗ ರೂಟರ್ ಪ್ರಿಂಟರಿಗೆ ಬೇರೆ ಐಪಿ ವಿಳಾಸ ಕೊಟ್ಟಿರುತ್ತದೆ, ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಕೂಗುತ್ತಿರುತ್ತದೆ. ರೂಟರಿನ ಸೆಟ್ಟಿಂಗಿನಲ್ಲಿ ಪ್ರಿಂಟರಿಗೊಂದು ಖಾಯಂ ವಿಳಾಸ ಕಾದಿರಿಸಿದರೆ ಮುಗಿಯಿತು. ಅಗ್ಗದ ಪ್ರಿಂಟರುಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ ಎಂಬುದೂ ನೆನಪಿರಲಿ.

ಡ್ರೈವರ್ ಹುಡುಕುವಾಗ

ಇಷ್ಟಕ್ಕೂ ಸರಿಹೋಗದಿದ್ದರೆ ಡ್ರೈವರನ್ನೇ ಬದಲಿಸಬೇಕು. ಕಂಪ್ಯೂಟರಿನ ‘ಆ್ಯಪ್ಸ್’ ಪಟ್ಟಿಯಿಂದ ಹಳೆಯ ಪ್ರಿಂಟರ್ ತಂತ್ರಾಂಶ ತೆಗೆಯಿರಿ, ಪ್ರಿಂಟರ್ ಪಟ್ಟಿಯಿಂದಲೂ ಅಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಹೊಸ ಡ್ರೈವರ್ ಹಾಕುವಾಗ ಯುಎಸ್‌ಬಿ ಕೇಬಲ್ ಹೊರಗಿರಲಿ. ‘ಈಗ ಸಿಕ್ಕಿಸಿ’ ಎಂದು ಪರದೆ ಹೇಳಿದ ಮೇಲೆ ಸಿಕ್ಕಿಸಿ. ಈ ಕ್ರಮ ತಪ್ಪಿದರೆ ವಿಂಡೋಸ್ ತನಗೆ ತೋಚಿದ ಡ್ರೈವರನ್ನು ಮೊದಲೇ ಕೂರಿಸಿಬಿಡುತ್ತದೆ.

ಡ್ರೈವರ್ ತಯಾರಕರ ಸ್ವಂತ ಜಾಲತಾಣದ್ದೇ ಆಗಬೇಕು. ಇದನ್ನು ಒತ್ತಿ ಹೇಳಬೇಕಾಗಿದೆ. ಪ್ರಿಂಟರ್ ಹೆಸರಿನ ಜೊತೆ ‘ಡ್ರೈವರ್’ ಎಂದು ಹುಡುಕಿದರೆ ಮೇಲ್ಗಡೆ ಜಾಹೀರಾತಿನ ತಾಣಗಳು ಬರುತ್ತವೆ. ಕಂಪನಿಯದೇ ಸಹಾಯವಾಣಿ ಎಂದು ನಂಬಿಸಿ, ದೂರದಿಂದ ಕಂಪ್ಯೂಟರ್ ನೋಡುತ್ತೇವೆಂದು ಆ್ಯಪ್ ಹಾಕಿಸಿ, ಬ್ಯಾಂಕ್ ಖಾತೆಗೆ ಕೈಹಾಕುವ ವಂಚಕರ ಜಾಲ ಇದೇ ದಾರಿಯಲ್ಲಿ ಕಾದಿರುತ್ತದೆ. ಪ್ರಿಂಟರ್ ಸರಿಮಾಡಲು ಯಾರಿಗೂ ಒಟಿಪಿ ಬೇಕಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

> ಹೆಸರಿಲ್ಲದ ಯಂತ್ರದ ಗುರುತು
> ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಯಂತ್ರದ ಚೀಟಿ ಅಳಿಸಿಹೋಗಿದೆಯೇ? ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ಗುರುತಿನ ಸಾಧನದ ‘ಪ್ರಾಪರ್ಟೀಸ್’ಗೆ ಹೋಗಿ, ‘ಡೀಟೇಲ್ಸ್’ನಲ್ಲಿ ‘ಹಾರ್ಡ್‌ವೇರ್ ಐಡಿ’ ನೋಡಿ. ವಿಐಡಿ ಎಂಬುದರ ಮುಂದೆ 03ಎಫ್0 ಇದ್ದರೆ ಎಚ್‌ಪಿ, 04ಎ9 ಇದ್ದರೆ ಕ್ಯಾನನ್, 04ಬಿ8 ಇದ್ದರೆ ಎಪ್ಸನ್, 04ಎಫ್9 ಇದ್ದರೆ ಬ್ರದರ್.

ಪ್ರಿಂಟ್ ಬರುತ್ತದೆ, ಸ್ಕ್ಯಾನ್ ಬರದು

ಪ್ರಿಂಟ್, ಕಾಪಿ, ಸ್ಕ್ಯಾನ್ ಮೂರನ್ನೂ ಮಾಡುವ ಯಂತ್ರಗಳಲ್ಲಿ ಇದು ತೀರ ಮಾಮೂಲಿ ದೂರು. ಹೊರಗಿನಿಂದ ಒಂದೇ ಡಬ್ಬ ಕಂಡರೂ ಕಂಪ್ಯೂಟರಿಗೆ ಅದು ಎರಡು ಸಾಧನ. ಕೇಬಲ್ ಸಿಕ್ಕಿಸಿದಾಗ ವಿಂಡೋಸ್ ಪ್ರಿಂಟರಿನ ಡ್ರೈವರನ್ನು ತಾನೇ ಹುಡುಕಿ ಹಾಕಿ ಸುಮ್ಮನಾಗುತ್ತದೆ. ಸ್ಕ್ಯಾನರಿಗೆ ಟ್ವೇನ್ ಅಥವಾ ವಿಯಾ ಎಂಬ ಬೇರೆ ಕೊಂಡಿ ಬೇಕು. ಅದು ಬರುವುದು ತಯಾರಕರ ಪೂರ್ಣ ಪ್ಯಾಕೇಜಿನಲ್ಲಿ. ‘ಬೇಸಿಕ್ ಡ್ರೈವರ್’ ಚಿಕ್ಕದಿದೆ ಎಂದು ಇಳಿಸಿಕೊಂಡವರಿಗೆ ಸ್ಕ್ಯಾನರ್ ಸಿಗದೆ ಹೋಗುವುದು ಹೀಗೆ.

ಸ್ಕ್ಯಾನರ್ ಸಿಕ್ಕಮೇಲೆ ಇನ್ನೊಂದು ಗೋಡೆ ಎದುರಾಗುತ್ತದೆ. ವಿದ್ಯಾರ್ಥಿವೇತನದ ಅರ್ಜಿಗಳು ‘ಇಷ್ಟು ಕೆಬಿಗಿಂತ ಹೆಚ್ಚಿನ ಕಡತ ಬೇಡ’ ಎನ್ನುತ್ತವೆ. ಎ4 ಹಾಳೆಯೊಂದನ್ನು ಇಂಚಿಗೆ 300 ಚುಕ್ಕಿಯಂತೆ ಬಣ್ಣದಲ್ಲಿ ಹಿಡಿದರೆ ಕುಗ್ಗಿಸುವ ಮೊದಲು ಸುಮಾರು 26 ಎಂಬಿ. ಅದನ್ನೇ ಬೂದು ಛಾಯೆಯಲ್ಲಿ, 200 ಚುಕ್ಕಿಯಲ್ಲಿ ಹಿಡಿದರೆ 4 ಎಂಬಿಗಿಂತ ಕಡಿಮೆ. ಜೆಪಿಇಜಿ ಮಾಡಿದಾಗ ಇನ್ನೂ ಸಣ್ಣದಾಗುತ್ತದೆ, ಅಕ್ಷರ ಓದಲು ಬಾಧೆಯಿಲ್ಲ. ಟಿ.ಸಿ., ಅಂಕಪಟ್ಟಿಗಳಿಗೆ ಇದು ಧಾರಾಳ ಸಾಕು. ಸ್ಕ್ಯಾನರ್ ಏನು ಮಾಡಿದರೂ ಬಗ್ಗದಿದ್ದರೆ, ಅರ್ಜಿಯ ಕೊನೆಯ ದಿನ ಹತ್ತಿರವಿದ್ದರೆ, ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಹಿಡಿದ ಪ್ರತಿಯೂ ನಡೆಯುತ್ತದೆ. ಮಗುವಿನ ಅರ್ಜಿಗಿಂತ ಯಂತ್ರದ ಹಟ ದೊಡ್ಡದಲ್ಲ.

> ಅಂಕಿ ಬದಲಿಸಿದ ಸ್ಕ್ಯಾನರ್
> 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯ ಸ್ಕ್ಯಾನ್ ಪ್ರತಿ ನೋಡಿ ಬೆಚ್ಚಿದರು. ಬೇರೆ ಬೇರೆ ಅಳತೆಯ ಮೂರು ಕೋಣೆಗಳಿಗೂ 14.13 ಚದರ ಮೀಟರ್ ಎಂದು ಬಂದಿತ್ತು. ಜೆರಾಕ್ಸ್ ಕಂಪನಿಯ ಆ ಯಂತ್ರ ಕಡತ ಕುಗ್ಗಿಸುವಾಗ ಒಂದೇ ತರ ಕಾಣುವ ತುಣುಕುಗಳನ್ನು ಒಂದಕ್ಕೊಂದು ಬದಲಿಸುತ್ತಿತ್ತು. ಕಂಪನಿ ಆಮೇಲೆ ತಂತ್ರಾಂಶ ತಿದ್ದಿತು. ಪಹಣಿಯ ಸರ್ವೆ ನಂಬರು, ಆಧಾರ್ ಸಂಖ್ಯೆಗಳನ್ನು ಸ್ಕ್ಯಾನ್ ಮಾಡಿದ ಮೇಲೆ ಮೂಲದೊಂದಿಗೆ ಒಮ್ಮೆ ತಾಳೆ ನೋಡಿ.

ಕನ್ನಡ ಬರೆದರೆ ಗೋಜಲು

ನಮ್ಮವರಿಗೇ ಮೀಸಲಾದ ಒಂದು ತೊಂದರೆ ಇದೆ. ಗೌರಿಬಿದನೂರಿನ ನಿವೃತ್ತ ಮೇಷ್ಟ್ರೊಬ್ಬರು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ಲೇಖನವನ್ನು ಮಗನ ಹೊಸ ಲ್ಯಾಪ್‌ಟಾಪಿನಿಂದ ಪ್ರಿಂಟ್ ತೆಗೆಯಲು ಕೂತರೆನ್ನಿ. ಕಾಗದದ ತುಂಬ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ಯೂರೋಪಿನ ಲಿಪಿ. “ಡ್ರೈವರ್ ಸರಿಯಿಲ್ಲ” ಎಂದು ಮಗ ಹೇಳುತ್ತಾನೆ.

ಡ್ರೈವರಿಗೂ ಇದರಲ್ಲಿ ಸಣ್ಣ ಪಾಲಿರಬಹುದು, ಬೇರು ಇರುವುದು ಬೇರೆಡೆ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡ ಇಲ್ಲವೇ ಇಲ್ಲ. ಫಾಂಟು ಇರುವವರೆಗೆ ಕನ್ನಡ ಕಾಣುತ್ತದೆ, ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಮುಖವಾಡ ಕಳಚುತ್ತದೆ. ಪರದೆಯ ಮೇಲೆ ಸರಿಯಿದ್ದು ಕಾಗದದಲ್ಲಿ ಮಾತ್ರ ಹೀಗಾದರೆ ಆಗ ಡ್ರೈವರನ್ನು ಶಂಕಿಸಿ: ಕಂಪ್ಯೂಟರಿನ ಫಾಂಟಿಗೆ ಬದಲು ಪ್ರಿಂಟರೊಳಗಿನ ಫಾಂಟು ಬಳಸುವ ಆಯ್ಕೆ ಅದರಲ್ಲಿ ಚಾಲೂ ಆಗಿರಬಹುದು.

ಕೂಡಲೇ ಆಗಬೇಕಾದ ಕೆಲಸಕ್ಕೆ ಉಪಾಯ ಸರಳ. ಫಾಂಟು ಇರುವ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿಸಿ, ಫಾಂಟು ಅದರೊಳಗೇ ಸೇರಿರಲಿ. ಪ್ರಿಂಟ್ ಕೊಡುವಾಗ ಅಡೋಬಿ ರೀಡರಿನ ‘ಅಡ್ವಾನ್ಸ್ಡ್’ನಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಆರಿಸಿ. ಆಗ ಪುಟ ಚಿತ್ರವಾಗಿ ಹೋಗುತ್ತದೆ, ಅಕ್ಷರ ಕದಲುವುದಿಲ್ಲ. ಶಾಶ್ವತ ದಾರಿ ಯುನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿದೆ. ನುಡಿ, ಬರಹ ತಂತ್ರಾಂಶಗಳಲ್ಲಿ ಹಳೆಯ ಬರಹವನ್ನು ಅದಕ್ಕೆ ಬದಲಿಸುವ ಸೌಲಭ್ಯವೂ ಇದೆ. ಮೇಷ್ಟ್ರ ಬರಹ ಮೊಮ್ಮಕ್ಕಳಿಗೆ ಓದಲು ಸಿಗಬೇಕಾದರೆ ಇದನ್ನು ಮುಂದೂಡಬಾರದು.

ಬೀಗ ಹಾಕಿದ ಡ್ರೈವರ್

ಪ್ರಿಂಟರ್ ಡ್ರೈವರೊಂದು ಲೋಕದ ದಿಕ್ಕು ತಿರುಗಿಸಿದ ಕಥೆಯೂ ಇದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಲೇಸರ್ ಪ್ರಿಂಟರೊಂದನ್ನು ಕೊಟ್ಟಿತು. ಕಾಗದ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಹಿಂದಿನ ಪ್ರಿಂಟರಿನ ತಂತ್ರಾಂಶ ತಿದ್ದಿ, ಕಾಗದ ಸಿಕ್ಕಿಕೊಂಡಾಗ ಪ್ರಿಂಟಿಗಾಗಿ ಕಾದಿದ್ದವರೆಲ್ಲರ ಪರದೆಗೂ ಸುದ್ದಿ ಹೋಗುವಂತೆ ಮಾಡಿದ್ದರು. ಹೊಸದಕ್ಕೂ ಹಾಗೆ ಮಾಡಲು ಮೂಲ ಸಂಕೇತ ಕೇಳಿದರೆ, ಅದನ್ನು ಇಟ್ಟುಕೊಂಡಿದ್ದ ಬೇರೊಂದು ವಿಶ್ವವಿದ್ಯಾಲಯದವರು ಗೋಪ್ಯತೆಯ ಕರಾರಿನ ಕಾರಣ ಹೇಳಿ ಕೊಡಲಿಲ್ಲ. ಆ ನಿರಾಕರಣೆ ಸ್ಟಾಲ್‌ಮನ್ ಮನಸ್ಸಿನಲ್ಲಿ ಉಳಿಯಿತು. 1983ರಲ್ಲಿ ಅವರು ಗ್ನೂ ಯೋಜನೆ ಸಾರಿದರು. ಮುಕ್ತ ತಂತ್ರಾಂಶ ಚಳವಳಿಯ ಮೊದಲ ಹೆಜ್ಜೆ ಅದು.

ಅದರ ಫಲ ನಮ್ಮ ಮನೆ ಬಾಗಿಲಿಗೂ ಬಂದಿದೆ. ಲಿನಕ್ಸ್ ಹಾಕಿದ ಕಂಪ್ಯೂಟರುಗಳಲ್ಲಿ ಕಪ್ಸ್ ಎಂಬ ಮುಕ್ತ ವ್ಯವಸ್ಥೆ ಪ್ರಿಂಟರುಗಳನ್ನು ನೋಡಿಕೊಳ್ಳುತ್ತದೆ, ಸೇನ್ ಎಂಬುದು ಸ್ಕ್ಯಾನರುಗಳನ್ನು. ಲೇಸರ್‌ಜೆಟ್ 1020ಕ್ಕೆ ಫರ್ಮ್‌ವೇರ್ ತುಂಬುವ ಡ್ರೈವರನ್ನೂ ಹವ್ಯಾಸಿಗಳೇ ಬರೆದಿಟ್ಟಿದ್ದಾರೆ. ವಿಂಡೋಸ್ 11 ಹಿಡಿಸದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಹಳೆಯ ಪ್ರಿಂಟರನ್ನು ಅದಕ್ಕೆ ಜೋಡಿಸುವುದು ಖಂಡಿತ ಸಾಧ್ಯ. ಕೆಲಸಕ್ಕೆ ಬರುವ ಯಂತ್ರಕ್ಕೆ ಡ್ರೈವರ್ ಕೊಡುವುದನ್ನು ನಿಲ್ಲಿಸಿ, ಅದನ್ನು ಕಸವಾಗಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ದುಡ್ಡು ಕೊಟ್ಟು ಕೊಂಡ ರೈತನಿಗೆ, ಮೇಷ್ಟ್ರಿಗೆ ಆ ಯಂತ್ರದ ಆಯಸ್ಸು ತೀರ್ಮಾನಿಸುವ ಹಕ್ಕಿರಬೇಕು.

ಮುಂದಿನ ದಿನಗಳು

2021ರ ಜುಲೈಯಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಹೆಸರಿನ ದೋಷ ಜಗತ್ತನ್ನೇ ಬೆದರಿಸಿತ್ತು. ವಿಂಡೋಸಿನ ಸ್ಪೂಲರ್ ಮೂಲಕ, ಡ್ರೈವರ್ ಹಾಕುವ ನೆಪದಲ್ಲಿ, ಹೊರಗಿನವರು ಕಂಪ್ಯೂಟರನ್ನೇ ವಶಪಡಿಸಿಕೊಳ್ಳಬಹುದಿತ್ತು. ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಹಾಕಿತು. 2023ರ ಸೆಪ್ಟೆಂಬರಿನಲ್ಲಿ ಇನ್ನೂ ದೊಡ್ಡ ನಿರ್ಧಾರ ಪ್ರಕಟಿಸಿತು: ಕಂಪನಿಗೊಂದು ಡ್ರೈವರ್ ಎಂಬ ಪದ್ಧತಿಯನ್ನೇ ಹಂತಹಂತವಾಗಿ ಕೈಬಿಡುವುದು. ಐಪಿಪಿ ಎಂಬ ಸಮಾನ ಭಾಷೆ ಬಲ್ಲ ಪ್ರಿಂಟರುಗಳಿಗೆ ವಿಂಡೋಸಿನೊಳಗಿನ ಒಂದೇ ಡ್ರೈವರ್ ಸಾಕು.

ಅದರ ವೇಳಾಪಟ್ಟಿಯಂತೆ 2026ರ ಜನವರಿಯಿಂದ ಹೊಸ ಪ್ರಿಂಟರ್ ಡ್ರೈವರುಗಳಿಗೆ ವಿಂಡೋಸ್ ಅಪ್‌ಡೇಟಿನಲ್ಲಿ ಪ್ರವೇಶ ನಿಲ್ಲುತ್ತದೆ. 2026ರ ಜುಲೈ 1ರಿಂದ ವಿಂಡೋಸ್ ತನ್ನದೇ ಐಪಿಪಿ ಡ್ರೈವರಿಗೆ ಮೊದಲ ಮಣೆ ಹಾಕುತ್ತದೆ. 2027ರ ಜುಲೈ 1ರಿಂದ ಭದ್ರತೆಯ ತಿದ್ದುಪಡಿ ಬಿಟ್ಟು ಬೇರೆ ಕಂಪನಿ ಡ್ರೈವರುಗಳ ಪರಿಷ್ಕರಣೆಯೂ ಆ ದಾರಿಯಲ್ಲಿ ಬರುವುದಿಲ್ಲ. ಹೆದರಬೇಕಿಲ್ಲ, ಈಗಾಗಲೇ ಕೂತಿರುವ ಡ್ರೈವರ್ ನಡೆಯುತ್ತಲೇ ಇರುತ್ತದೆ, ತಯಾರಕರ ತಾಣದಿಂದ ಇಳಿಸಿ ಹಾಕುವುದಕ್ಕೂ ಅಡ್ಡಿಯಿಲ್ಲ. ಒಂದು ಎಚ್ಚರ ಮಾತ್ರ ಬೇಕು. ವಿಂಡೋಸ್ 11ರ ಈಚಿನ ಆವೃತ್ತಿಗಳ ಪ್ರಿಂಟರ್ ಸೆಟ್ಟಿಂಗಿನಲ್ಲಿ ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್’ ಎಂಬುದಿದೆ. ಗೊತ್ತಿಲ್ಲದೆ ಅದನ್ನು ಚಾಲೂ ಮಾಡಿದರೆ ಎಲ್‌ಬಿಪಿ 2900ರಂಥ ಹಳೆಯ ಯಂತ್ರಗಳು ಕೆಲಸ ನಿಲ್ಲಿಸುತ್ತವೆ. ಅದನ್ನು ಆಫ್ ಮಾಡಿದರೆ, ಡ್ರೈವರ್ ಮತ್ತೆ ಹಾಕಿಕೊಳ್ಳಬಹುದು.

ಹೊಸ ಪ್ರಿಂಟರ್ ಕೊಳ್ಳುವವರು ನಿಮಿಷಕ್ಕೆ ಎಷ್ಟು ಪುಟ ಎಂದು ಕೇಳುವ ಮೊದಲು ಡಬ್ಬದ ಮೇಲೆ ‘ಮೊಪ್ರಿಯಾ’ ಅಥವಾ ‘ಏರ್‌ಪ್ರಿಂಟ್’ ಎಂದಿದೆಯೇ ನೋಡಿ. ಎರಡೂ ಸಮಾನ ಭಾಷೆಯ ಗುರುತು. ಅಂಥ ಯಂತ್ರ ಕಂಪನಿಯ ಡ್ರೈವರನ್ನು ನೆಚ್ಚಿ ಬದುಕುವುದಿಲ್ಲ, ಮೊಬೈಲಿನಿಂದಲೂ ನೇರ ಪ್ರಿಂಟ್ ತೆಗೆಯುತ್ತದೆ.

ಹಳೆಯದನ್ನು ಉಳಿಸಿಕೊಳ್ಳುವವರಿಗೆ ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ತಯಾರಕರ ತಾಣಕ್ಕೆ ಹೋಗಿ ನಿಮ್ಮ ಮಾಡೆಲಿನ 64 ಬಿಟ್ ಪೂರ್ಣ ಪ್ಯಾಕೇಜನ್ನು ಇಳಿಸಿಕೊಳ್ಳಿ. ತಾಣಗಳು ಹಳೆಯ ಮಾಡೆಲಿನ ಪುಟಗಳನ್ನು ಯಾವಾಗ ಬೇಕಾದರೂ ತೆಗೆದುಹಾಕಬಹುದು. ಇಳಿಸಿದ ಕಡತವನ್ನು ಒಂದು ಪೆನ್‌ಡ್ರೈವಿಗೆ, ಇನ್ನೊಂದು ಪ್ರತಿಯನ್ನು ನಿಮ್ಮ ಇಮೇಲಿನ ಡ್ರೈವಿಗೆ ಹಾಕಿ. ಪ್ರಿಂಟರಿನ ಮಾಡೆಲ್ ಹೆಸರು ಮತ್ತು ಕೇಬಲ್ ಯಾವ ತೂತಿಗೆ ಎಂಬುದನ್ನು ಚೀಟಿಯಲ್ಲಿ ಬರೆದು ಯಂತ್ರದ ಬೆನ್ನಿಗೆ ಅಂಟಿಸಿ. ಮನೆಯಲ್ಲಿ ಸ್ಪೂಲರ್ ಬಿಡಿಸುವುದು ಹೇಗೆಂದು ಒಬ್ಬರಿಗಾದರೂ ಕಲಿಸಿ.